ಅರಬ್ಬಿ ಸಮುದ್ರದಲ್ಲಿ ಅಕ್ಕನ ಪೂಜೆ

ನಮ್ಮ ಮನೆಯಲ್ಲಿ ನಿಂಬೆಹಣ್ಣು ಹೆಚ್ಚಿದಾಗಲೆಲ್ಲ ನಾನು ಗೋಡೆ ಹಿಡಿದುಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ನೀವು ಎಂದಾದರೂ ತಿ. ನರಸೀಪುರಕ್ಕೆ ಬಂದು ನಮ್ಮಲ್ಲಿ ಚಿತ್ರಾನ್ನಕ್ಕೆ ಕೂತಾಗ, ಮನೆಯ ಯಜಮಾನ ಅಡುಗೆಮನೆಯ ಬಾಗಿಲಿಗೆ ಆತುಕೊಂಡು ಕಣ್ಣು ಮುಚ್ಚಿ ನಿಂತಿರುವುದನ್ನು ಕಂಡರೆ ಏನೋ ಕಾಯಿಲೆ ಅಂದುಕೊಂಡೀರಿ. ಕಾಯಿಲೆಯೇನಲ್ಲ. ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ನೆಲ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಇವತ್ತು ಬೆಳಿಗ್ಗೆಯೂ ಹಾಗೇ ಆಯಿತು. ನನ್ನಾಕೆ ಚಾಕು ಕೆಳಗಿಟ್ಟು, 'ಬಂತಾ ನಿಮ್ಮ ಹಡಗು?' ಎಂದಳು. 'ಬಂತು' ಎಂದೆ. 'ಹೋದ್ಮೇಲೆ ಹೇಳಿ, ಒಗ್ಗರಣೆ ಹಾಕ್ಬೇಕು' ಎಂದಳು. ಮೊದಮೊದಲು ಅವಳು ನನ್ನನ್ನು ಕೂರಿಸಿ ಬೆನ್ನು ನೀವುತ್ತಿದ್ದಳು. ಈಗ ಒಗ್ಗರಣೆಯ ಲೆಕ್ಕಕ್ಕೆ ಬಂದಿದ್ದೇನೆ.

ಹಡಗು ಅಂದರೆ ನಿಜವಾದ ಹಡಗೇ. ಒಳಗೆ ಈಜುಕೊಳ, ಸಿನಿಮಾ ಥಿಯೇಟರು, ಕ್ಷೌರದ ಅಂಗಡಿ ಎಲ್ಲ ಇರುವ, ಪ್ರವಾಸಿಗರು ಮೋಜಿಗೆ ಹೋಗುವ ಹಡಗು. ನಾನು ಅದರೊಳಗೆ ಹೋದದ್ದು ಮೋಜಿಗಲ್ಲ, ಡ್ಯೂಟಿಯ ಮೇಲೆ. ಹೀಗೆಂದರೆ ಕೇಳಿದವರೆಲ್ಲ ನಗುತ್ತಾರೆ. ನೀವು ಪೂರ್ತಿ ಕೇಳಿ ಆಮೇಲೆ ನಗಬಹುದು.

ನಾನು ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಇದ್ದವನು. ಬಂದ ಕಾಗದವನ್ನು ಇನ್‌ವರ್ಡ್ ಮಾಡುವುದು, ಹೋಗುವುದನ್ನು ಔಟ್‌ವರ್ಡ್ ಮಾಡುವುದು, ಯಾರದ್ದು ಯಾರಿಗೋ ಅವರಿಗೆ ರವಾನಿಸುವುದು. ಒಳಗೆ ಏನಿದೆ ಎಂದು ನೋಡುವುದು ನನ್ನ ಕೆಲಸವಾಗಿರಲಿಲ್ಲ. ಸರ್ವಿಸ್ ಪೂರ್ತಿ ಹೀಗೇ ಕಳೆಯಿತು. ಒಂದು ಕಾಗದಕ್ಕೂ ನನ್ನ ಕಡೆಯಿಂದ ಒಂದಕ್ಷರ ಸೇರಿಸಿದವನಲ್ಲ, ಕಳೆದವನಲ್ಲ. ಬೀಳ್ಕೊಡುಗೆಯ ದಿನ ತಹಸೀಲ್ದಾರರು ನನ್ನ ಬಗ್ಗೆ ಮಾತಾಡಲು ಎದ್ದು ನಿಂತು, ಬಹಳ ಹೊತ್ತು ಯೋಚಿಸಿ, 'ಇವರಿಂದ ಯಾವ ತೊಂದರೆಯೂ ಆಗಲಿಲ್ಲ' ಎಂದು ಕೂತರು. ಆಮೇಲೆ ಶಾಲು ಹೊದಿಸಿದರು.

ಈ ಗುಣವನ್ನು ಕಚೇರಿಗಿಂತ ಚೆನ್ನಾಗಿ ಬಳಸಿಕೊಂಡವಳು ನನ್ನ ಅಕ್ಕ. ಅಕ್ಕ, ಭಾವ ಇರುವುದು ನಂಜನಗೂಡಿನಲ್ಲಿ, ಹೊಳೆಗೆ ಹತ್ತಿರದ ಒಂದು ಬೀದಿಯಲ್ಲಿ. ಭಾವನಿಗೆ ಹುಲ್ಲಹಳ್ಳಿಯಲ್ಲಿ ಗೊಬ್ಬರದ ಅಂಗಡಿ. ಇಬ್ಬರೂ ಒಂದೇ ಹೊತ್ತಿಗೆ ಉಣ್ಣುತ್ತಿದ್ದರು, ಮದುವೆ ಗೃಹಪ್ರವೇಶಗಳಿಗೆ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದರು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಗಂಜಿ ಕಾಯಿಸುತ್ತಿದ್ದರು. ಒಬ್ಬರಿಗೊಬ್ಬರು ಮಾತ್ರ ಮಾತಾಡುತ್ತಿರಲಿಲ್ಲ. ಏನು ಹೇಳಬೇಕಿದ್ದರೂ ನನ್ನ ಮೂಲಕ.

ನೀನು ಇರುವುದು ನರಸೀಪುರದಲ್ಲಲ್ಲವೇ, ಅದು ಹೇಗೆ ಎಂದು ನೀವು ಕೇಳಬಹುದು. ಮೊಬೈಲು ಇದೆಯಲ್ಲ. ಬೆಳಿಗ್ಗೆ ಅಕ್ಕನ ಫೋನು ಬರುತ್ತಿತ್ತು. 'ನಿಮ್ ಭಾವಂಗೆ ಹೇಳು, ಕಾಫಿ ಆರೋಗ್ತಾ ಅದೆ.' ನಾನು ಅದನ್ನು ಕಟ್ ಮಾಡಿ, ಭಾವನಿಗೆ ಫೋನ್ ಮಾಡಿ, 'ಭಾವ, ಕಾಫಿ ಆರೋಗ್ತಿದೆಯಂತೆ' ಎನ್ನುತ್ತಿದ್ದೆ. ಭಾವ ಕೂತಿರುತ್ತಿದ್ದದ್ದು ಅಕ್ಕನ ಎದುರಿನ ಕುರ್ಚಿಯಲ್ಲೇ. ಅವಳು ಲೋಟ ಕುಕ್ಕುವ ಸದ್ದು ಅವರ ಫೋನಿನಲ್ಲಿ ನನಗೆ ಕೇಳುತ್ತಿತ್ತು. 'ನಿಮ್ಮಕ್ಕಂಗೆ ಹೇಳು, ಸಕ್ರೆ ಕಮ್ಮಿ ಆಗದೆ.' ಮತ್ತೆ ಕಟ್, ಮತ್ತೆ ಅಕ್ಕ. ಮಾತು ನರಸೀಪುರಕ್ಕೆ ಬಂದು ಹೋಗುವಷ್ಟರಲ್ಲಿ ಕಾಫಿ ನಿಜವಾಗಿಯೂ ಆರಿರುತ್ತಿತ್ತು. ಪ್ರತಿ ಸಲ ಫೋನು ಬಂದಾಗಲೂ ನನ್ನಾಕೆ ಅಡುಗೆಮನೆಯಿಂದಲೇ, 'ಯಾರದು, ಯಾರಿಗೆ?' ಎಂದು ಕೇಳುತ್ತಿದ್ದಳು. 'ಅಕ್ಕಂದು, ಭಾವಂಗೆ' ಎನ್ನುತ್ತಿದ್ದೆ, ಇಲ್ಲವೇ 'ಭಾವಂದು, ಅಕ್ಕಂಗೆ'. ಮೈಸೂರಿನಲ್ಲಿರುವ ಅವರ ಮಗಳು ಶುರುವಿನಲ್ಲಿ ಸ್ವಲ್ಪ ದಿನ ಈ ಕೆಲಸ ಮಾಡಿ, 'ನಂಗೆ ಮಕ್ಕಳ ಸ್ಕೂಲಿದೆ ಮಾವ, ನೀವೇ ನೋಡ್ಕೊಳ್ಳಿ' ಎಂದು ಚಾರ್ಜು ಒಪ್ಪಿಸಿಬಿಟ್ಟಿದ್ದಳು. ರಿಟೈರಾದವನಿಗೆ ನೆಪ ಹೇಳಲು ಏನಿರುತ್ತದೆ?

ಇಷ್ಟಕ್ಕೆಲ್ಲ ಕಾರಣ ಉಪ್ಪಿಟ್ಟು.

ನಮ್ಮದು ಲಿಂಗ ಕಟ್ಟುವ ಮನೆತನ. ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಇಷ್ಟಲಿಂಗ, ಅದನ್ನಿಡುವ ಬೆಳ್ಳಿಯ ಕರಡಿಗೆ, ಕರಡಿಗೆಗೆ ಕಟ್ಟಿದ ದಾರ ಕೊರಳಿಗೆ. ಬೆಳಿಗ್ಗೆ ಸ್ನಾನವಾದ ಮೇಲೆ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ರೆಪ್ಪೆ ಬಡಿಯದೆ ನೋಡುತ್ತ ಕೂರಬೇಕು. ತಿಂಡಿ ಆಮೇಲೆ. ನನ್ನಂಥವರು ಇದನ್ನೆಲ್ಲ ಹಬ್ಬ ಹರಿದಿನಕ್ಕೆ ಇಳಿಸಿಕೊಂಡಿದ್ದೇವೆ. ಅಕ್ಕ ಇಳಿಸಿಲ್ಲ. ಪೂಜೆಯಾಗದೆ ಅವಳು ಬಾಯಿಗೆ ಒಂದು ತೊಟ್ಟು ನೀರೂ ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಬಂದು, ತಿಂಡಿಗೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದು ಡಾಕ್ಟರು ಹೇಳಿದಾಗ ಅಕ್ಕ ಕೂತು ಯೋಚಿಸಿ, ಇಂಜೆಕ್ಷನ್ ಬಾಯಿಂದ ಹೋಗುವುದಿಲ್ಲ, ಆದ್ದರಿಂದ ಅದು ಆಹಾರವಲ್ಲ ಎಂದು ತೀರ್ಮಾನ ಕೊಟ್ಟಳು. ಚುಚ್ಚಿಕೊಂಡು ಪೂಜೆಗೆ ಕೂರುತ್ತಾಳೆ, ಪೂಜೆ ಮುಗಿಸಿ ತಿಂಡಿಗೆ ಕೂರುತ್ತಾಳೆ. ನಡುವೆ ತಡವಾಯಿತೋ, ಬೆವತು ತಲೆ ತಿರುಗಿ ಬೀಳುತ್ತಾಳೆ. ಹಾಗೆ ಒಮ್ಮೆ ಬಿದ್ದು ಆಸ್ಪತ್ರೆಗೂ ಸೇರಿದ್ದಳು.

ಲಿಂಗ ಕಳೆದುಕೊಂಡವರ ವಿಷಯದಲ್ಲಿ ಹಿರಿಯರ ಮಾತು ಇನ್ನೂ ಕಟ್ಟುನಿಟ್ಟು. ಗುರುಗಳ ಕೈಯಿಂದ ಹೊಸ ಲಿಂಗ ಕಟ್ಟಿಸಿಕೊಳ್ಳುವವರೆಗೆ ಅನ್ನ ನೀರು ಮುಟ್ಟಬಾರದು. ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಭಾವ ಕಪಿಲೆಯಲ್ಲಿ ಮುಳುಗು ಹಾಕಿ ಎದ್ದಾಗ ಕೊರಳಲ್ಲಿ ದಾರವೂ ಇರಲಿಲ್ಲ, ಕರಡಿಗೆಯೂ ಇರಲಿಲ್ಲ. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅವರು ಮನೆಗೆ ಬಂದು, ಒದ್ದೆ ಪಂಚೆ ಬದಲಿಸಿ, ತಿಂಡಿಗೆ ಕೂತು, ಉಪ್ಪಿಟ್ಟು ತಿಂದು, ಇನ್ನೊಂದು ಸಲ ಹಾಕಿಸಿಕೊಂಡು ಅದನ್ನೂ ತಿಂದು, ಕೈ ತೊಳೆದ ಮೇಲೆ, 'ಲಿಂಗ ಹೊಳೆಗೆ ಹೋಯ್ತು ಕಣೇ' ಎಂದರು.

ಕಳೆದದ್ದಕ್ಕೆ ಅಕ್ಕನಿಗೆ ಕೋಪ ಬರಲಿಲ್ಲ. ತಿಂದದ್ದಕ್ಕೂ ಬಹುಶಃ ಮಾಫಿ ಸಿಗುತ್ತಿತ್ತು. ಎರಡನೇ ಸಲ ಹಾಕಿಸಿಕೊಂಡದ್ದಕ್ಕೆ ಸಿಗಲಿಲ್ಲ. 'ಒಂದ್ಸಲ ತಿಂದ್ರು, ಗಾಬರೀಲಿ ಮರ್ತಿದ್ರು ಅಂದ್ಕೊಳ್ಳೋಣ. ಎರಡ್ನೇ ಸಲ ಹಾಕಿಸ್ಕೊಳ್ಳೋಕೆ ಮನಸ್ಸಾದ್ರೂ ಹೆಂಗೆ ಬಂತು?' ಎಂದು ನೆಂಟರಿಷ್ಟರ ಮುಂದೆಲ್ಲ ಹೇಳಿದಳು. ಭಾವನಿಗೆ ಅವಮಾನವಾಯಿತು. 'ಹಂಗಾದ್ರೆ ನಂಗೆ ಲಿಂಗಾನೇ ಬೇಡ ಬಿಡು' ಎಂದುಬಿಟ್ಟರು. ಲಿಂಗ ಇಲ್ಲದವರ ಜೊತೆ ನನಗೆ ಮಾತಿಲ್ಲ ಎಂದು ಅಕ್ಕ ಬಾಯಿ ಮುಚ್ಚಿದಳು. ಅವತ್ತಿನಿಂದ ಆ ಮನೆಯಲ್ಲಿ ಉಪ್ಪಿಟ್ಟನ್ನೂ ಮಾಡಲಿಲ್ಲ.

ಕಳೆದ ಲಿಂಗದ ಬಗ್ಗೆ ನನಗೂ ಒಂದು ಹುಕುಂ ಬಂದಿತ್ತು. 'ಹೊಳೆ ನಿಮ್ಮೂರಿಗೇ ತಾನೆ ಬರೋದು? ಸಂಗಮದ ಹತ್ರ ಒಂದು ಗಳಿಗೆ ನೋಡ್ಕೊಂಡು ಬಾರೋ' ಎಂದು ಅಕ್ಕ ಫೋನು ಮಾಡಿದ್ದಳು. ಕಪಿಲೆ ಬಂದು ಕಾವೇರಿಯನ್ನು ಸೇರುವುದು ನಮ್ಮೂರಿನಲ್ಲೇ, ನಿಜ. ಬೆಳ್ಳಿಯ ಕರಡಿಗೆ ತೇಲುವುದಿಲ್ಲ ಎಂಬುದೂ ನಿಜ. ಆದರೂ ನಾನು ಛತ್ರಿ ಹಿಡಿದುಕೊಂಡು ಹೋಗಿ, ತುಂಬಿದ ಎರಡೂ ನದಿಗಳನ್ನು ನೋಡಿ ಬಂದು, ಸಿಗಲಿಲ್ಲ ಎಂದು ವರದಿ ಕೊಟ್ಟೆ.

ಹೀಗೆ ವರ್ಷಗಳು ಉರುಳಿದವು. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಗೊಬ್ಬರದ ಕಂಪನಿಯೊಂದು, ತನ್ನ ಮಾಲನ್ನು ಹೇಳಿದಷ್ಟು ಮಾರಿಕೊಟ್ಟ ಅಂಗಡಿಯವರನ್ನು ಹಡಗಿನ ಟೂರಿಗೆ ಕಳಿಸಿತು. ಕೊಚ್ಚಿಯಲ್ಲಿ ಹತ್ತುವುದು, ಲಕ್ಷದ್ವೀಪದ ಕಡೆ ಸುತ್ತಾಡುವುದು, ಮುಂಬೈಯಲ್ಲಿ ಇಳಿಯುವುದು. ಗಂಡ ಹೆಂಡತಿ ಇಬ್ಬರಿಗೂ ಬಿಟ್ಟಿ. ಅಕ್ಕನಿಗೂ ಆಸೆ, ಭಾವನಿಗೂ ಆಸೆ. ತೊಡಕು ಬಂದದ್ದು ಬೇರೆ ಕಡೆಯಿಂದ. ನಡುಸಮುದ್ರದಲ್ಲಿ ಫೋನಿಗೆ ಟವರ್ ಸಿಗುವುದಿಲ್ಲ ಎಂದು ಯಾರೋ ಹೇಳಿದರು. 'ನಿಮ್ ಭಾವಂಗೆ ಹೇಳು, ನೀನು ಬರ್ದೆ ನಾನು ಹತ್ತಲ್ಲ ಅಂತ' ಎಂದಳು ಅಕ್ಕ. 'ನಿಮ್ಮಕ್ಕಂಗೆ ಹೇಳು, ನೀನು ಬರ್ದೆ ಇದ್ರೆ ನಾನೂ ಹೋಗಲ್ಲ ಅಂತ' ಎಂದರು ಭಾವ. ಅವರಿಬ್ಬರೂ ಒಂದೇ ಮಾತಿಗೆ ಬಂದದ್ದನ್ನು ನಾನು ಎಷ್ಟೋ ಕಾಲದ ಮೇಲೆ ಕಂಡೆ. ರೂಮಿನಲ್ಲಿ ಗೋಡೆಯಿಂದ ಇಳಿಬಿಡುವ ಮೂರನೆಯದೊಂದು ಹಾಸಿಗೆ ಇತ್ತಂತೆ. ನನ್ನನ್ನು ಅದಕ್ಕೆ ಹಾಕಿದರು.

ಗುಂಡ್ಲುಪೇಟೆ ದಾಟಿ, ಘಾಟಿ ಇಳಿದು, ಕೊಚ್ಚಿ ಸೇರಿದೆವು. ಅಕ್ಕನ ಚೀಲದಲ್ಲಿ ಸ್ಟೀಲಿನ ಡಬ್ಬಿಯ ತುಂಬ ಬಿಲ್ವಪತ್ರೆ, ಬಾಟಲಿಯಲ್ಲಿ ಕಪಿಲೆಯ ನೀರು, ಅವಲಕ್ಕಿ, ಚಟ್ನಿಪುಡಿ, ಒಂದಷ್ಟು ನಿಂಬೆಹಣ್ಣು. ತಪಾಸಣೆಯ ಹೆಂಗಸು, ಕೊರಳಿನ ಕರಡಿಗೆಯನ್ನು ತೆಗೆದು ಟ್ರೇಯಲ್ಲಿಡಿ ಎಂದಳು. ಅಕ್ಕ ಸೆರಗು ಬಿಗಿದುಕೊಂಡು ನಿಂತಳು. ಕೊರಳಲ್ಲಿರುವುದು ದೇವರು, ಪ್ರಾಣ ಹೋದರೂ ತೆಗೆಯುವುದಿಲ್ಲ ಎಂದು ನಾನು ನನ್ನ ಇಂಗ್ಲಿಷಿನಲ್ಲಿ ತಿಳಿಸಿದೆ. ಆಕೆ ಅಕ್ಕನ ಮುಖ ನೋಡಿ, ನನ್ನ ಮುಖ ನೋಡಿ, ಹೋಗಿ ಎಂದು ಕೈ ಬೀಸಿದಳು.

ಹಡಗಿನ ತುಂಬ ಗೊಬ್ಬರದ ಅಂಗಡಿಯವರು. ಮೊದಲ ಸಂಜೆ ಎಲ್ಲರೂ ಮೇಲಿನ ಡೆಕ್ಕಿನ ಕಂಬಿ ಹಿಡಿದು ಸಾಲಾಗಿ ನಿಂತು ಸಮುದ್ರ ನೋಡಿದೆವು. 'ಇಷ್ಟೊಂದ್ ನೀರು, ಒಂದೆಕ್ರೆಗೂ ಆಗಲ್ವಲ್ಲ' ಎಂದು ಚಿಕ್ಕಯ್ಯನಛತ್ರದ ಡೀಲರೊಬ್ಬರು ಬಹಳ ನೊಂದುಕೊಂಡರು. ನನ್ನ ಎಡಕ್ಕೆ ಅಕ್ಕ, ಬಲಕ್ಕೆ ಭಾವ.

'ನಿಮ್ ಭಾವಂಗೆ ಹೇಳು, ಸೂರ್ಯ ಮುಳುಗ್ತಾವನೆ.'

'ಭಾವ, ಸೂರ್ಯ ಮುಳುಗ್ತಿದಾನಂತೆ.'

'ಕಾಣ್ತಾ ಅದೆ ಅಂತ ಹೇಳು.'

ಸೂರ್ಯ ಪೂರ್ತಿ ಮುಳುಗುವವರೆಗೂ ಇದೇ ನಡೆಯಿತು. ಪಕ್ಕದಲ್ಲಿದ್ದ ಒಬ್ಬರು ನನ್ನನ್ನು ಗೈಡ್ ಎಂದುಕೊಂಡು, ದ್ವೀಪ ಎಷ್ಟೊತ್ತಿಗೆ ಬರುತ್ತದೆ ಎಂದು ಕೇಳಿದರು.

ದ್ವೀಪ ಬರಲಿಲ್ಲ, ಗಾಳಿ ಬಂತು. ಮಾರನೆಯ ದಿನ ಮಧ್ಯಾಹ್ನ ಊಟದ ಕೋಣೆಯಲ್ಲಿ ನನ್ನ ತಟ್ಟೆ ಮೇಜಿನ ಮೇಲೆ ತಾನೇ ಜರುಗಿ ಎದುರಿಗಿದ್ದ ಭಾವನ ಮುಂದೆ ನಿಂತಿತು. ಸ್ವಲ್ಪ ಹೊತ್ತಿಗೆ ಅವರ ತಟ್ಟೆ ನನ್ನ ಕಡೆ ಬಂತು. ಈಜುಕೊಳದ ನೀರು ಒಂದು ಸಲ ಈ ದಡಕ್ಕೆ, ಒಂದು ಸಲ ಆ ದಡಕ್ಕೆ ಎರಚಾಡಿತು, ಕೊನೆಗೆ ಸಿಬ್ಬಂದಿ ಕೊಳವನ್ನು ಖಾಲಿ ಮಾಡಿ ಮೇಲೆ ಬಲೆ ಕಟ್ಟಿದರು. ಮೆಟ್ಟಿಲಿನ ಕಂಬಿಗೆ ಉದ್ದಕ್ಕೂ ಕಾಗದದ ಚೀಲಗಳನ್ನು ಸಿಕ್ಕಿಸುತ್ತ ಹೋದರು. ಅವು ಯಾತಕ್ಕೆ ಎಂದು ನಾನು ಕೇಳಲಿಲ್ಲ, ಸ್ವಲ್ಪದರಲ್ಲೇ ಅರ್ಥವಾಯಿತು. ಕ್ಯಾಪ್ಟನ್ನು ಮೈಕಿನಲ್ಲಿ, ವಾಯುಭಾರ ಕುಸಿದಿದೆ, ಹಡಗಿಗೆ ಸ್ವಲ್ಪ ಚಲನೆ ಇರಬಹುದು, ಯಾರೂ ರೂಮು ಬಿಟ್ಟು ಹೊರಗೆ ಬರಬೇಡಿ, ಪ್ರಯಾಣವನ್ನು ಆನಂದಿಸಿ ಎಂದರು.

ನಮ್ಮ ರೂಮು ಕೆಳಗಿನ ಅಂತಸ್ತಿನದು. ಒಂದು ದುಂಡನೆಯ ಕಿಟಕಿ. ಅದರಲ್ಲಿ ಒಂದು ಗಳಿಗೆ ಆಕಾಶ ಕಾಣುತ್ತಿತ್ತು, ಮರುಗಳಿಗೆ ಬಟ್ಟೆ ಒಗೆಯುವ ಮಿಷನ್ನಿನ ಬಾಗಿಲಲ್ಲಿ ಕಾಣುವಂತೆ ಬರೀ ನೊರೆ. ಬೀರುವಿನೊಳಗೆ ಹ್ಯಾಂಗರುಗಳು ಬಡಿದಾಡುತ್ತಿದ್ದವು, ಮೇಜಿನ ಖಾನೆ ತಾನೇ ತೆರೆದು ತಾನೇ ಮುಚ್ಚುತ್ತಿತ್ತು. ಗೋಡೆ ಎಲ್ಲೋ ಒಳಗಿಂದ ನರಳುತ್ತಿತ್ತು. ಅಟ್ಟದಂಥ ನನ್ನ ಹಾಸಿಗೆಯಲ್ಲಿ ನಾನು ಕಂಬಿಯನ್ನು ತಬ್ಬಿಕೊಂಡು ಮಲಗಿದೆ. ಅಕ್ಕ ಒಂದು ನಿಂಬೆಹಣ್ಣು ಹೆಚ್ಚಿ, 'ಮೂಗಿಗೆ ಹಿಡ್ಕೊ' ಎಂದು ಕೊಟ್ಟಳು. ಹಿಡಿದುಕೊಂಡೆ. ಆ ರಾತ್ರಿಯ ಬಗ್ಗೆ ನಾನು ಹೇಳುವುದೇನೂ ಇಲ್ಲ, ಎಲ್ಲ ಆ ಕಾಗದದ ಚೀಲಗಳಿಗೆ ಹೋಯಿತು.

ಬೆಳಗಾದರೂ ಗಾಳಿ ಇಳಿದಿರಲಿಲ್ಲ. ಅಕ್ಕ ಗೋಡೆ ಹಿಡಿದುಕೊಂಡೇ ಸ್ನಾನ ಮುಗಿಸಿ ಬಂದಳು. ದಿನದ ಅಭ್ಯಾಸದಂತೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಂಡಳು. ಎರಡು ಮಂಚಗಳ ನಡುವಿನ ನೆಲದಲ್ಲಿ ಟವಲು ಹಾಸಿ, ಪತ್ರೆ, ನೀರು, ವಿಭೂತಿ ಇಟ್ಟುಕೊಂಡು ಕೂತಳು. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈ ಮೇಲಿಟ್ಟು ನೀರೆರೆದಳು. ಹಡಗು ವಾಲಿತು. ನೀರೆಲ್ಲ ತೋಳಿಗೆ ಹರಿಯಿತು, ಪತ್ರೆ ಮಂಚದ ಕೆಳಗೆ ಹೋಯಿತು, ಲಿಂಗ ಬೆರಳಿನ ತುದಿಗೆ ಜಾರಿತು. ಅಕ್ಕ ಬೆಚ್ಚಿ ಮುಷ್ಟಿ ಕಟ್ಟಿದಳು. ಪೂಜೆಯಲ್ಲಿ ಲಿಂಗ ಕೈತಪ್ಪಿ ನೆಲಕ್ಕೆ ಬಿದ್ದರೆ ಬದುಕಬಾರದು ಎಂದು ನಂಬಿದ್ದ ಅಜ್ಜಿಯ ಮೊಮ್ಮಗಳು ಅವಳು.

ಹಡಗು ನೆಟ್ಟಗಾದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮತ್ತೆ ವಾಲಿತು, ಮತ್ತೆ ಮುಷ್ಟಿ. ಹೀಗೇ ಎಷ್ಟೋ ಸಲ. ಭಾವ ತಮ್ಮ ಮಂಚದ ಮೇಲೆ ಕೂತು ನೋಡುತ್ತಿದ್ದರು. ಅವರು ದೊಡ್ಡ ಮೈಯವರು. ಆ ರೂಮಿನಲ್ಲಿ ಜರುಗದೆ ಇದ್ದದ್ದು ಅವರೊಬ್ಬರೇ.

'ನಿಮ್ಮಕ್ಕಂಗೆ ಹೇಳು' ಎಂದು ನನ್ನತ್ತ ತಲೆ ಎತ್ತಿದರು. 'ಇಂಜೆಕ್ಷನ್ ಆಗದೆ. ಒಂದು ಬಿಸ್ಕತ್ತಾದ್ರೂ ಬಾಯಿಗೆ ಹಾಕ್ಕೊ ಅಂತ ಹೇಳು. ಪೂಜೆ ಆಮೇಲೆ ಮಾಡು ಅಂತ ಹೇಳು.'

ನಾನು ಹೇಳಲು ಬಾಯಿ ತೆರೆದೆ. ಬಂದದ್ದು ಮಾತಲ್ಲ. ಚೀಲ ಕೈಗೆ ಸಿಗುವ ಮುಂಚೆಯೇ ಬಂತು.

'ನಿಮ್ ಭಾವಂಗೆ ಹೇಳು' ಎಂದಳು ಅಕ್ಕ, ಲಿಂಗದಿಂದ ಕಣ್ಣು ತೆಗೆಯದೆ. 'ಪೂಜೆ ಆಗ್ದೆ ನಾನು ಏನೂ ಮುಟ್ಟಲ್ಲ.' ಅವಳ ಮಾತು ಆಗಲೇ ತೊದಲುತ್ತಿತ್ತು.

ನಾನು ಕೈ ಆಡಿಸಿದೆ. ಯಾವ ಅರ್ಥದಲ್ಲಿ ಆಡಿಸಿದೆನೋ ನನಗೇ ತಿಳಿಯದು. ನನ್ನ ವಿಭಾಗ ಮುಚ್ಚಿತ್ತು.

ಅಕ್ಕನ ಹಣೆಯ ಮೇಲೆ ಬೆವರು ಕಿತ್ತುಕೊಂಡಿತು. ಹಚ್ಚಿದ ವಿಭೂತಿ ನೀರಾಗಿ ಹುಬ್ಬಿಗೆ ಇಳಿಯಿತು. ಲಿಂಗ ಹಿಡಿದ ಕೈ ಈಗ ಹಡಗು ನಿಂತಾಗಲೂ ನಡುಗುತ್ತಿತ್ತು. ನಾನು ಅಲ್ಲಿಂದಲೇ ಇದನ್ನು ನೋಡುತ್ತಿದ್ದೆ, ಇಳಿಯಲು ಕಾಲು ಬರುತ್ತಿರಲಿಲ್ಲ. ನನಗೆ ಬಹಳ ಭಯವಾಯಿತು. ಭಾವ ರೂಮಿನ ಫೋನು ಎತ್ತಿ, ಆ ಕಡೆಯಿಂದ ಇಂಗ್ಲಿಷ್ ಬಂದ ಮೇಲೆ ನನ್ನ ಮುಖ ನೋಡಿ, ಫೋನನ್ನು ಇಟ್ಟುಬಿಟ್ಟರು. ಅದೂ ನನ್ನ ಖಾತೆಯೇ ಆಗಿತ್ತು.

ಆಮೇಲೆ ಅವರು ಮಾಡಿದ್ದು ಇಷ್ಟು. ಕಾಫಿ ಟ್ರೇಯಲ್ಲಿದ್ದ ಸಕ್ಕರೆಯ ಪೊಟ್ಟಣವೊಂದನ್ನು ಹಲ್ಲಿನಿಂದ ಹರಿದು ಬಲಗೈಯಲ್ಲಿ ಹಿಡಿದುಕೊಂಡರು. ಮಂಚದಿಂದ ಇಳಿದು, ಮೊಣಕಾಲೂರಿ, ಅಕ್ಕನ ಎದುರಿಗೆ ಕೂತು, ಬೆನ್ನನ್ನು ಒಂದು ಮಂಚಕ್ಕೂ ಕಾಲನ್ನು ಗೋಡೆಗೂ ಕೊಟ್ಟು ಭದ್ರವಾದರು. ಎಡಗೈ ಚಾಚಿ ಅವಳ ಅಂಗೈಯ ಕೆಳಗೆ ತಮ್ಮ ಅಂಗೈ ಇಟ್ಟು ಎತ್ತಿ ಹಿಡಿದರು. ಹಡಗು ಬಲಕ್ಕೆ ವಾಲಿದಾಗ ಆ ಕೈ ಎಡಕ್ಕೆ ಬಾಗಿತು, ಮೂತಿ ಎದ್ದಾಗ ಇಳಿಯಿತು. ಅಕ್ಕ ಒಂದು ಕ್ಷಣ ಕೈ ಎಳೆದುಕೊಳ್ಳುವವಳಂತೆ ಕಂಡಳು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ರೂಮೇ ಪಕ್ಕಕ್ಕೆ ಬಿತ್ತು. ಲಿಂಗ ಜಾರಲಿಲ್ಲ.

'ಅಲ್ಲಾಡಿಸ್ಬೇಡಿ' ಎಂದಳು ಅಕ್ಕ.

ಅಭ್ಯಾಸಬಲದಿಂದ 'ಭಾವ, ಅಲ್ಲಾಡಿಸಬಾರದಂತೆ' ಎನ್ನಲು ತಲೆ ಎತ್ತಿದವನು ಅಲ್ಲಿಗೇ ತಡೆದುಕೊಂಡೆ. 'ನಿಮ್ ಭಾವಂಗೆ ಹೇಳು' ಎಂಬುದು ಅದರಲ್ಲಿ ಇರಲಿಲ್ಲ.

'ನಾನೆಲ್ಲಿ ಅಲ್ಲಾಡಿಸ್ತಿದೀನಿ? ಸಮುದ್ರ ಅಲ್ಲಾಡಿಸ್ತಾ ಇರೋದು' ಎಂದರು ಭಾವ.

'ನೀವು ಬಿಗಿಯಾಗಿ ಹಿಡೀರಿ.'

'ಹಿಡ್ದಿದೀನಿ. ನೀನು ಬೇಗ ಮುಗ್ಸು.'

'ಪೂಜೇನ ಯಾರಾದ್ರೂ ಬೇಗ ಮುಗ್ಸು ಅಂತಾರಾ?'

ಅಕ್ಕ ನೀರೆರೆದಳು. ವಿಭೂತಿ ಹಚ್ಚಿದಳು. ಪತ್ರೆ ಏರಿಸಿದಳು. ಅದು ಅಲ್ಲೇ ನಿಂತಿತು. ರೆಪ್ಪೆ ಬಡಿಯದೆ ನೋಡುತ್ತ ಕೂತಳು. ಕೂತಲ್ಲೇ, ಕಣ್ಣು ಕದಲಿಸದೆ, ಕ್ಷೀಣವಾದ ದನಿಯಲ್ಲಿ ಕೇಳಿದಳು:

'ಎರಡ್ನೇ ಸಲ ಹಾಕಿಸ್ಕೊಂಡ್ರಲ್ರೀ.'

ಭಾವ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಎತ್ತಿ ಹಿಡಿದರು. ಕಿಟಕಿಗೆ ನೀರು ಬಂದು ಅಪ್ಪಳಿಸಿ ಇಳಿದು ಹೋಯಿತು.

'ಅವತ್ತೂ ನಿಂಗೆ ಇಂಜೆಕ್ಷನ್ ಆಗಿತ್ತು ಕಣೇ. ನಾನು ಬಂದಾಗ್ಲೇ ಆಗಿತ್ತು. ಬಾಗ್ಲಲ್ಲೇ ಹೇಳಿದ್ರೆ ನೀನೂ ನನ್ನ ಜೊತೆ ಉಪವಾಸ ಕೂತಿರ್ತಿದ್ದೆ. ಅದ್ಕೇ ಸುಮ್ನೆ ತಟ್ಟೆ ಮುಂದೆ ಕೂತೆ. ನೀನು ತಿನ್ನೋದು ನಿಧಾನ. ನಾನೆದ್ರೆ ನೀನು ಅರ್ಧಕ್ಕೇ ಎದ್ಬಿಡ್ತೀಯ. ನಿನ್ ತಟ್ಟೆ ಖಾಲಿ ಆಗೋವರ್ಗೂ ಇನ್ನೊಂದ್ಸಲ ಹಾಕಿಸ್ಕೊಂಡು ಕೂತಿದ್ದೆ. ಗಂಟ್ಲಲ್ಲಿ ಇಳೀತಿರ್ಲಿಲ್ಲ.'

'ಮತ್ತೆ ಇಷ್ಟು ವರ್ಷ ಬಾಯಿ ಬಿಟ್ಟು ಹೇಳ್ಬಾರ್ದಾಗಿತ್ತಾ?'

'ನಿನ್ ತಮ್ಮನ ಕೈಲಿ ಹೇಳ್ಕಳಿಸೋ ಮಾತಾ ಅದು?'

ಅಕ್ಕನ ಕಣ್ಣಿನಿಂದ ನೀರು ಇಳಿಯಿತು. ರೆಪ್ಪೆ ಮಾತ್ರ ಬಡಿಯಲಿಲ್ಲ. ಪೂಜೆ ಮುಗಿದು ಅವಳು ಬಾಯಿ ತೆರೆದಾಗ ಭಾವ ಬಲಗೈಯಲ್ಲಿದ್ದ ಸಕ್ಕರೆಯನ್ನು ಅದರೊಳಗೆ ಸುರಿದರು. ನಾನು ಗೋಡೆಯ ಕಡೆ ಮುಖ ಮಾಡಿ, ಪ್ರಜ್ಞೆ ಇಲ್ಲದವನಂತೆ ಮಲಗಿದೆ. ನನಗೂ ಅಳು ಬಂದಿತ್ತು. ನಿಂಬೆಹಣ್ಣು ಕಣ್ಣಿಗೆ ತಾಗಿತು ಎಂದು ಹೇಳಬಹುದಾಗಿತ್ತು, ಯಾರೂ ಕೇಳಲಿಲ್ಲ.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡೆ. ಅಕ್ಕ ಲಿಂಗವನ್ನು ಒರೆಸಿ ಕರಡಿಗೆಯಲ್ಲಿಟ್ಟು, ಎರಡು ಬಿಸ್ಕತ್ತು ತಿಂದು ಚೇತರಿಸಿಕೊಂಡು, ನನ್ನ ಕಡೆ ತಿರುಗಿ, 'ನಿಮ್ ಭಾವಂಗೆ ಹೇಳು, ಪಂಚೆ ಒದ್ದೆ ಆಗದೆ, ಬದಲಾಯಿಸ್ಲಿ' ಎಂದಳು. ಸಂಜೆ ಸಮುದ್ರ ಇಳಿದ ಮೇಲೆ, ಮತ್ತೆ ಯಾಕೆ ಮಾತು ಬಿಟ್ಟೆ ಎಂದು ಧೈರ್ಯ ಮಾಡಿ ಕೇಳಿದೆ. ಅಕ್ಕನ ಉತ್ತರ ತಹಸೀಲ್ದಾರರ ಆದೇಶದಷ್ಟು ಸ್ಪಷ್ಟವಾಗಿತ್ತು. 'ಲಿಂಗ ಇಲ್ದೋರ ಜೊತೆ ಮಾತಿಲ್ಲ ಅಂದಿದ್ದೆ. ಪೂಜೆ ಹೊತ್ತಲ್ಲಿ ಲಿಂಗ ನನ್ ಕೈ ಮೇಲಿತ್ತು, ನನ್ ಕೈ ಅವರ ಕೈ ಮೇಲಿತ್ತು. ಅಷ್ಟೊತ್ತು ಅವರು ಲಿಂಗ ಇಲ್ದೋರು ಹೆಂಗಾಗ್ತಾರೆ? ಈಗ ಇಲ್ಲ.' ಮೇಲ್ಮನವಿಗೆ ಅವಕಾಶವಿರಲಿಲ್ಲ.

ಮರುದಿನ ಬೆಳಿಗ್ಗೆ ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ ಇತ್ತು. ಹೊರಗೆ ಗೊಬ್ಬರದವರು ಇಸ್ಪೀಟು ಆಡುತ್ತಿದ್ದರು, ಒಂದು ಎಲೆಯೂ ಹಾರುತ್ತಿರಲಿಲ್ಲ. ಅಕ್ಕ ಟವಲು ಹಾಸಿ ಕೂತು, ಕರಡಿಗೆ ಕೈಗೆ ತೆಗೆದುಕೊಂಡು, 'ನಿಮ್ ಭಾವಂಗೆ ಹೇಳು, ಕೈ ಕೊಡ್ಲಿ. ಹಡಗು ಇನ್ನೂ ವಾಲ್ತಾ ಅದೆ' ಎಂದಳು. ನಾನು ಟಿಪ್ಪಣಿ ಸೇರಿಸದೆ ರವಾನಿಸಿದೆ. ಭಾವ ಆಗಲೇ ಮಂಚದಿಂದ ಇಳಿದಿದ್ದರು.

ಊರಿಗೆ ಬಂದ ಮೇಲೆ ನನಗೆ ಬರುವ ಫೋನುಗಳು ಕಡಿಮೆಯಾಗುತ್ತ ಬಂದವು. ಆಮೇಲೆ ನಿಂತೇ ಹೋದವು. ಮೊದಲು ಆರಾಮ ಎನ್ನಿಸಿತು, ಬರಬರುತ್ತ ಇರುಸುಮುರುಸಾಗತೊಡಗಿತು. ಎರಡನೇ ಸಲ ರಿಟೈರಾದವನ ಕಷ್ಟ ನಿಮಗೆ ಗೊತ್ತಿರಲಾರದು. ಹೋದ ವಾರ ತಡೆಯಲಾರದೆ ನಂಜನಗೂಡಿನ ಬಸ್ಸು ಹತ್ತಿದೆ. ಅಕ್ಕನ ಮನೆಯ ಜಗುಲಿಯ ಮೇಲೆ ತಗಡೂರು ಕಡೆಯ ರೈತರೊಬ್ಬರು ಕೂತಿದ್ದರು.

'ಸಾವ್ಕಾರ್ರು ಪೂಜೇಲವ್ರೆ ಸಾ, ಕುಂತ್ಕಳಿ' ಎಂದರು. 'ಮೊದ್ಲು ಇಂಗಿರ್ನಿಲ್ಲ. ಈಗ ಬಾಳ ವೊತ್ತಾಯ್ತದೆ. ಅಂಗ್ಡಿ ತಗ್ಯದೂ ತಡ. ಯೂರಿಯಾ ಬೇಕು ಅಂದ್ರೆ ಇಲ್ಲೇ ಬಂದು ಕಾಯಬೇಕು.'

ಒಳಗೆ ಹೋದೆ. ಅಲ್ಲಾಡದ ಕಲ್ಲುನೆಲದ ಮೇಲೆ ಇಬ್ಬರೂ ಎದುರುಬದುರು ಕೂತಿದ್ದರು. ಅಕ್ಕನ ಅಂಗೈಯ ಕೆಳಗೆ ಭಾವನ ಅಂಗೈ. ಏರಿಸಿದ ಪತ್ರೆ ಆಗಲೇ ಬಾಡಿತ್ತು. ಅಕ್ಕ ಲಿಂಗವನ್ನೇ ನೋಡುತ್ತ, ಗ್ಯಾಸ್ ಮುಗಿಯುತ್ತ ಬಂದಿದೆ, ಪಕ್ಕದವರ ನುಗ್ಗೆಮರ ನಮ್ಮ ಕಾಂಪೌಂಡಿಗೆ ವಾಲಿದೆ, ಮಗಳಿಗೆ ಫೋನ್ ಮಾಡಿದಿರಾ, ನಿಮ್ಮ ಬಿ.ಪಿ. ಮಾತ್ರೆ ಎರಡೇ ಉಳಿದಿವೆ ಎಂದು ಒಂದೇ ಸಮನೆ ಹೇಳುತ್ತಿದ್ದಳು. ಭಾವ ಒಂದೊಂದಕ್ಕೂ ಉತ್ತರ ಕೊಡುತ್ತಿದ್ದರು. ದಿನವೆಲ್ಲ ಹೇಳಬೇಕೆನಿಸಿದ್ದನ್ನು ಇಬ್ಬರೂ ಬೆಳಗಿನ ಆ ಹೊತ್ತಿಗೆ ಕೂಡಿಟ್ಟುಕೊಳ್ಳುತ್ತಿದ್ದರಂತೆ. ಮಿಕ್ಕ ಹೊತ್ತಿನದೆಲ್ಲ ಸನ್ನೆಯಲ್ಲಿ. ಇಂಜೆಕ್ಷನ್ನನ್ನು ಈಗ ಪೂಜೆಯ ನಂತರಕ್ಕೆ ಹಾಕಿಕೊಂಡಿದ್ದಾಳೆ. ಡಾಕ್ಟರು ಎಷ್ಟು ಹೇಳಿದರೂ ಒಪ್ಪದವಳು ಇದಕ್ಕಾಗಿ ಒಪ್ಪಿದಳು.

'ಕೈ ನೋಯ್ತದಾ?' ಎಂದು ಕೇಳಿದಳು ಅಕ್ಕ.

'ಇಲ್ಲ' ಎಂದರು ಭಾವ. ಅವರ ಮೊಣಕೈ ನಡುಗುತ್ತಿದ್ದದ್ದು ನನಗೆ ಬಾಗಿಲಿಗೇ ಕಾಣುತ್ತಿತ್ತು.

ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ಭಾವನನ್ನು ಸ್ಕೂಟರಿನ ಹಿಂದೆ ಕೂತು ಕೇಳಿದೆ: 'ಹೊಸ ಲಿಂಗ ಕಟ್ಟಿಸ್ಕೊಂಡ್ರೆ ದಿನವೆಲ್ಲ ಮಾತಾಡ್ಬೋದಲ್ಲ ಭಾವ. ಹಟ ಯಾಕೆ ಇನ್ನೂ?'

'ಹಟ ಎಲ್ಲಿ ಬಂತು?' ಎಂದರು. ಸ್ವಲ್ಪ ದೂರ ಹೋದ ಮೇಲೆ, ರಸ್ತೆ ನೋಡುತ್ತಲೇ ಹೇಳಿದರು: 'ಕಟ್ಟಿಸ್ಕೊಂಡ್ರೆ ನನ್ ಕೈ ಯಾಕೆ ಬೇಕಾಗ್ತದೋ ಅವ್ಳಿಗೆ? ನೆಲ ಏನು ಅಲ್ಲಾಡ್ತದಾ?'

ಅವರು ಇದನ್ನು ಅಕ್ಕನಿಗೆ ಹೇಳು ಎನ್ನಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಯೋಚಿಸಿದೆ. ಸರ್ವಿಸಿನಲ್ಲಿ ಒಮ್ಮೆಯೂ, ವಿಳಾಸವಿಲ್ಲದ ಕಾಗದವನ್ನು ನಾನಾಗಿ ಯಾರಿಗೂ ಕಳಿಸಿದವನಲ್ಲ. ಸಂಗಮದ ಸೇತುವೆ ಬರುವ ಹೊತ್ತಿಗೆ ಫೋನ್ ತೆಗೆದು ಅಕ್ಕನಿಗೆ ಮಾಡಿದೆ. 'ಅಕ್ಕ, ಇದು ಭಾವ ಹೇಳಿಕಳಿಸಿದ್ದಲ್ಲ. ನಾನೇ ಹೇಳ್ತಿರೋದು' ಎಂದು, ಅವರ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. 'ಟಿಕೆಟ್ ತಗೊಂಡ್ಯಾ?' ಎಂದಳು ಅಕ್ಕ. 'ತಗೊಂಡೆ' ಎಂದೆ. ಇಟ್ಟುಬಿಟ್ಟಳು.

ಅದಾದ ಮೇಲೆ ಅಲ್ಲಿಂದ ಸುದ್ದಿಯಿಲ್ಲ. ಮಾಡಬಾರದ್ದನ್ನು ಮಾಡಿದೆನೇನೋ ಎಂದು ಅಳುಕುತ್ತಲೇ ಇದ್ದೆ. ಇವತ್ತು ಬೆಳಿಗ್ಗೆ, ಮೊದಲೇ ಹೇಳಿದೆನಲ್ಲ, ನಿಂಬೆಹಣ್ಣಿನ ವಾಸನೆಗೆ ನಾನು ಅಡುಗೆಮನೆಯ ಬಾಗಿಲು ಹಿಡಿದು ನಿಂತಿದ್ದಾಗ ಫೋನು ಬಂತು. ಭಾವ.

'ಬೇಗ ಹೇಳ್ತೀನಿ ಕೇಳಿಸ್ಕೊ, ಒಂದೇ ಕೈ ಖಾಲಿ ಇರೋದು. ನಿಮ್ಮಕ್ಕ ಹೇಳು ಅಂತಾವಳೆ. ಸೋಮವಾರ ಮಠಕ್ಕೆ ಹೋಗ್ತಾ ಇದೀವಿ. ಲಿಂಗ ಕಟ್ಟಿಸ್ಕೋತೀನಿ. ನೀನೂ ಬರ್ಬೇಕಂತೆ.'

ಹಿಂದಿನಿಂದ ಅಕ್ಕನ ದನಿ: 'ಅದನ್ನೂ ಹೇಳ್ರಿ.'

'ಯಾವ್ದು?'

'ಕೈ ವಿಚಾರ.'

'ಲಿಂಗ ಬಂದ್ಮೇಲೂ ಕೈ ಬೇಕಂತೆ ಕಣೋ' ಎಂದರು ಭಾವ. 'ಆಮೇಲೆ, ಅವತ್ತು ಏನೂ ತಿನ್ಕೊಂಡು ಬರ್ಬೇಡ. ಮಠದಿಂದ ಬಂದು ಮನೇಲೇ ತಿಂಡಿ. ಉಪ್ಪಿಟ್ಟು ಮಾಡ್ತಾಳಂತೆ.'

ಫೋನು ಇಟ್ಟೆ. ನನ್ನಾಕೆ ಒಗ್ಗರಣೆಯ ಸೌಟು ಹಿಡಿದು ಕಾಯುತ್ತಿದ್ದಳು. ನೆಲ ಎಷ್ಟೊತ್ತಿಗೆ ನಿಂತಿತೋ ನನಗೆ ಗೊತ್ತಾಗಿರಲಿಲ್ಲ, ಗೋಡೆಯಿಂದ ಕೈ ತೆಗೆದೆ.

'ಯಾರದು, ಯಾರಿಗೆ?' ಎಂದಳು.

'ಅಕ್ಕಂದು' ಎಂದೆ. 'ನನಗೆ.'